ಗಣಕೀಕೃತ ಲೆಕ್ಕಪತ್ರಗಳ ದೋಷಪರಿಶೀಲನೆ: ಸಾಲೋಟಗಿ ಶಾಸನದ ಹಿನ್ನೆಲೆಯಲ್ಲಿ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯ ಸ್ತಂಭಶಾಸನವನ್ನು ವಿದ್ವಾಂಸರು ಬಹುಮಟ್ಟಿಗೆ ಪ್ರಾಚೀನ ಕರ್ನಾಟಕದ ವಿದ್ಯಾಕೇಂದ್ರವೊಂದರ ದಾಖಲೆಯೆಂದೇ ಪರಿಗಣಿಸುತ್ತ ಬಂದಿದ್ದಾರೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಕಟ್ಟಿಸಿದ ಶಾಲೆಗೆ ದೊರೆತ ದತ್ತಿಗಳ ವಿವರ ಅದರಲ್ಲಿದೆ. ಆಗ ಪಾವಿಟ್ಟಗೆ ಎನಿಸಿಕೊಂಡಿದ್ದ ಈ ಊರಿನಲ್ಲಿ ಶಾಲೆಗೆಂದು 500 ನಿವರ್ತನ ಭೂಮಿ, ವಿದ್ಯಾರ್ಥಿಗಳ ವಸತಿಗೆಂದು 27 ಮನೆಗಳು, ಹೂದೋಟಕ್ಕೆ 4 ನಿವರ್ತನ, ದೀಪಕ್ಕೆ 12 ನಿವರ್ತನ ಎಂದು ದತ್ತಿಗಳು ಬಾಬುವಾರಾಗಿ ನಮೂದಾಗಿವೆ. ಮದುವೆ, ಉಪನಯನ, ಚೌಲಗಳ ಸಂದರ್ಭದಲ್ಲಿ ಊರಿನವರು ಸಲ್ಲಿಸಬೇಕಾದ ಕಾಣಿಕೆಯೂ ಇದರಲ್ಲಿ ನಿಗದಿಯಾಗಿದೆ. ಕೀಲ್‌ಹಾರ್ನ್ ಮತ್ತು ಎಚ್. ಕೃಷ್ಣಶಾಸ್ತ್ರಿಗಳು ಎಪಿಗ್ರಾಫಿಯಾ ಇಂಡಿಕಾದ ನಾಲ್ಕನೆಯ ಸಂಪುಟದಲ್ಲಿ ಈ ಸ್ತಂಭದ ಬರೆಹಗಳನ್ನು ಸಂಪಾದಿಸಿದ್ದಾರೆ.

ಪ್ರಸ್ತುತ ಲೇಖನದ ಉದ್ದೇಶ ಶಾಸನದ ಶೈಕ್ಷಣಿಕ ಮಹತ್ವವನ್ನು ಮತ್ತೊಮ್ಮೆ ಹೇಳುವುದಲ್ಲ. ದತ್ತಿಶಾಸನವೆಂಬುದು ಮೂಲತಃ ಒಂದು ಲೆಕ್ಕಪತ್ರ. ಕೊಟ್ಟವನು, ಪಡೆದವನು, ಬಾಬು, ಪರಿಮಾಣ, ಉದ್ದೇಶ, ದಿನಾಂಕ ಇವಿಷ್ಟೂ ಅದರಲ್ಲಿ ಇರಲೇಬೇಕು. ಇಂದಿನ ವಾಣಿಜ್ಯ ತಂತ್ರಾಂಶಗಳ ದತ್ತಸಂಚಯದಲ್ಲಿರುವುದೂ ಇದೇ. ಎರಡಕ್ಕೂ ಬರುವ ರೋಗಗಳಲ್ಲಿಯೂ ಹೋಲಿಕೆಯಿದೆ. ಶಾಸನತಜ್ಞರು ನೂರು ವರ್ಷಗಳಿಗೂ ಮಿಕ್ಕು ರೂಢಿಸಿಕೊಂಡು ಬಂದ ಪರಿಶೀಲನೆಯ ಶಿಸ್ತು, ಗಣಕದಲ್ಲಿ ಲೆಕ್ಕವಿಡುವ ಸಂಸ್ಥೆಗಳಲ್ಲಿ ಇನ್ನೂ ಬೇರೂರಿಲ್ಲವೆಂಬುದು ಈ ಲೇಖಕನ ಅಭಿಪ್ರಾಯ. ಆ ಶಿಸ್ತಿನ ಬೆಳಕಿನಲ್ಲಿ ದತ್ತಸಂಚಯಗಳ ದೋಷಪರಿಶೀಲನೆಯನ್ನು ವಿವರಿಸುವ ಪ್ರಯತ್ನವನ್ನು ಇಲ್ಲಿ ಮಾಡಲಾಗಿದೆ.

ಶಾಸನದ ಪಾಠ ಕೆಡುವುದು ಎರಡು ಬಗೆಯಲ್ಲಿ. ಕಲ್ಲು ಚಕ್ಕೆ ಎದ್ದು, ಸವೆದು, ಒಡೆದು ಅಕ್ಷರಗಳು ನಷ್ಟವಾಗುವುದು ಒಂದು, ಇದನ್ನು ಶೈಥಿಲ್ಯವೆನ್ನೋಣ. ಕಲ್ಲು ಸುಸ್ಥಿತಿಯಲ್ಲಿದ್ದರೂ ಬರೆದವನೋ ಕಂಡರಿಸಿದವನೋ ತಪ್ಪು ಮಾಡಿರುವುದು ಇನ್ನೊಂದು, ಇದು ಸ್ಖಾಲಿತ್ಯ. ಮೊದಲನೆಯದು ಕಣ್ಣಿಗೆ ಕಾಣುತ್ತದೆ. ಎರಡನೆಯದು ಕಾಣುವುದಿಲ್ಲ, ಅರ್ಥವನ್ನು ಹಿಡಿದು, ಬೇರೆ ಆಧಾರಗಳೊಡನೆ ತಾಳೆ ನೋಡಿದಾಗ ಮಾತ್ರ ಗೊತ್ತಾಗುತ್ತದೆ. ಗಣಕದ ದತ್ತಸಂಚಯದಲ್ಲಿಯೂ ಈ ಭೇದ ಯಥಾವತ್ತಾಗಿದೆ. ಕಡತದ ರಚನೆ ಕೆಟ್ಟಿದೆಯೇ ಎಂಬುದು ಒಂದು ಪ್ರಶ್ನೆ, ಅದರಲ್ಲಿರುವ ಲೆಕ್ಕ ನಿಜವೇ ಎಂಬುದು ಬೇರೆಯೇ ಪ್ರಶ್ನೆ. ಒಂದಕ್ಕೆ ಉತ್ತರ ದೊರೆತರೆ ಇನ್ನೊಂದಕ್ಕೂ ದೊರೆಯಿತೆಂದು ಭಾವಿಸುವುದರಿಂದಲೇ ಹೆಚ್ಚಿನ ಅನಾಹುತಗಳು ಆಗುತ್ತವೆ.

ರಚನೆಯ ಪರಿಶೀಲನೆಯನ್ನು ಮೊದಲು ನೋಡಬಹುದು. ದೊಡ್ಡ ದತ್ತಸಂಚಯಗಳು ಮಾಹಿತಿಯನ್ನು ಸಮಾನ ಗಾತ್ರದ ಪುಟಗಳಲ್ಲಿ ಇಡುತ್ತವೆ. ಎಸ್‌ಕ್ಯೂಎಲ್ ಸರ್ವರ್ ಮತ್ತು ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ಗಳಲ್ಲಿ ಸಾಮಾನ್ಯವಾಗಿ ಒಂದು ಪುಟ 8 ಕಿಲೋಬೈಟ್, ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿಯಲ್ಲಿ 16 ಕಿಲೋಬೈಟ್. ಪುಟವನ್ನು ಡಿಸ್ಕಿಗೆ ಬರೆಯುವಾಗ ಅದರಲ್ಲಿರುವ ಎಲ್ಲ ಬೈಟುಗಳಿಂದ ಗಣಿಸಿದ ಒಂದು ಸಂಖ್ಯೆಯನ್ನೂ ಪುಟದ ಜೊತೆಗೇ ಬರೆದಿಡುತ್ತಾರೆ. ಇದಕ್ಕೆ ಚೆಕ್‌ಸಮ್ ಎಂದು ಹೆಸರು; ಕನ್ನಡದಲ್ಲಿ ತಾಳೆಮೊತ್ತ ಎನ್ನಬಹುದು. ಪುಟವನ್ನು ಮತ್ತೆ ಓದುವಾಗ ಆ ಸಂಖ್ಯೆಯನ್ನು ಹೊಸದಾಗಿ ಗಣಿಸಿ ಹೋಲಿಸಲಾಗುತ್ತದೆ. ಹೊಂದದಿದ್ದರೆ ನಡುವೆ ಎಲ್ಲಿಯೋ ಬೈಟು ಬದಲಾಗಿದೆಯೆಂದು ಅರ್ಥ.

ಸಾಲೋಟಗಿ ಶಾಸನದ ಕಾಲನಿರ್ದೇಶದಲ್ಲಿ ಇದಕ್ಕೆ ಸಮಾನವಾದ ಒಂದು ವ್ಯವಸ್ಥೆಯಿರುವುದು ಗಮನಾರ್ಹ. ಶಕವರ್ಷ 867 ಎಂದಷ್ಟೇ ಹೇಳಿದ್ದರೆ ಒಂದು ಅಂಕಿ ಕೆಟ್ಟಿದ್ದರೂ ನಮಗೆ ತಿಳಿಯುತ್ತಿರಲಿಲ್ಲ. ಆದರೆ ಭಾದ್ರಪದ ಅಮಾವಾಸ್ಯೆ, ಮಂಗಳವಾರ, ಸೂರ್ಯಗ್ರಹಣ ಎಂಬ ವಿವರಗಳೂ ಜೊತೆಗಿವೆ. ಗಣಿಸಿದರೆ ಅದು ಕ್ರಿ.ಶ. 945ರ ಸೆಪ್ಟೆಂಬರ್ 9ಕ್ಕೆ ಬರುತ್ತದೆ. ಅಂದು ಅಮಾವಾಸ್ಯೆಯೂ ಹೌದು, ಮಂಗಳವಾರವೂ ಹೌದು. ಒಂದೇ ಸಂಗತಿಯನ್ನು ಪರಸ್ಪರ ಸ್ವತಂತ್ರವಾದ ಹಲವು ಕ್ರಮಗಳಲ್ಲಿ ಹೇಳಿದಾಗ ಪ್ರತಿಯೊಂದೂ ಉಳಿದವುಗಳಿಗೆ ಸಾಕ್ಷಿಯಾಗುತ್ತದೆ. ಇಲ್ಲಿ ಪುನರುಕ್ತಿ ದೋಷವಲ್ಲ, ರಕ್ಷಣೆ. ದಿನಾಂಕವನ್ನು ಒಂದೇ ಅಂಕಿಯಲ್ಲಿ ಬರೆದು ಮುಗಿಸುವ ನಮ್ಮ ಕಾಲದ ಪದ್ಧತಿಗಿಂತ ಹಳೆಯ ಪಂಚಾಂಗಬದ್ಧ ಪದ್ಧತಿ ಈ ದೃಷ್ಟಿಯಿಂದ ಮೇಲೆಂದೇ ಹೇಳಬೇಕು.

ತಾಳೆಮೊತ್ತ ಹೊಂದಿದರೂ ರಚನೆಯ ಪರೀಕ್ಷೆ ಪೂರ್ಣವಾಗದು. ದತ್ತಸಂಚಯದಲ್ಲಿ ಮೂಲ ದಾಖಲೆಗಳಲ್ಲದೆ ಅವನ್ನು ಬೇಗ ಹುಡುಕಲು ಸೂಚಿಗಳೂ ಇರುತ್ತವೆ. ಸೂಚಿಯಲ್ಲಿರುವ ದಾಖಲೆ ಮೂಲದಲ್ಲಿ ಇಲ್ಲದಿರುವುದು, ಮೂಲದಲ್ಲಿರುವುದು ಸೂಚಿಯಲ್ಲಿ ತಪ್ಪಿಹೋಗಿರುವುದು, ಒಂದೇ ಪುಟವನ್ನು ಎರಡು ಕೋಷ್ಟಕಗಳು ತಮ್ಮದೆಂದು ಹೇಳುವುದು ಇವೆಲ್ಲ ಸಂಭವಿಸುತ್ತವೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಡಿಬಿಸಿಸಿ ಚೆಕ್‌ಡಿಬಿ ಎಂಬ ಆಜ್ಞೆ ಇವುಗಳನ್ನು ಪರೀಕ್ಷಿಸುತ್ತದೆ. ಎಸ್‌ಕ್ಯೂಎಲೈಟ್‌ನಲ್ಲಿ ಇಂಟೆಗ್ರಿಟಿ ಚೆಕ್ ಎಂಬುದಿದೆ. ಆದರೆ ಒಂದು ಕೋಷ್ಟಕ ಇನ್ನೊಂದರಲ್ಲಿ ಇಲ್ಲದ ಖಾತೆಯನ್ನು ಉಲ್ಲೇಖಿಸುತ್ತಿದ್ದರೆ ಅದು ಹೇಳುವುದಿಲ್ಲ, ಅದಕ್ಕೆ ಫಾರಿನ್ ಕೀ ಚೆಕ್ ಎಂಬ ಬೇರೆ ಪರೀಕ್ಷೆಯನ್ನು ನಡೆಸಬೇಕು. ಈ ಚಿಕ್ಕ ವಿವರವನ್ನು ಅರಿಯದೆ ಒಂದೇ ಪರೀಕ್ಷೆಯ ಫಲಿತಾಂಶವನ್ನು ನಂಬಿ ಕುಳಿತವರು ಬಹಳ ಮಂದಿ.

ನಮ್ಮ ಭಾಗದ ಅಡತ್ ಅಂಗಡಿಗಳಲ್ಲಿ, ಲಿಂಬೆ ವ್ಯಾಪಾರಿಗಳಲ್ಲಿ, ಸಣ್ಣ ಸಂಸ್ಥೆಗಳಲ್ಲಿ ಬಳಕೆಯಲ್ಲಿರುವ ಲೆಕ್ಕದ ತಂತ್ರಾಂಶಗಳಲ್ಲಿ ಟ್ಯಾಲಿ ಮುಖ್ಯವಾದುದು. 1986ರಲ್ಲಿ ಆರಂಭವಾದ ಈ ಸಂಸ್ಥೆಯ ಕೇಂದ್ರ ಬೆಂಗಳೂರಿನಲ್ಲಿದೆ. (ಟ್ಯಾಲಿ ಎಂಬ ಮಾತೂ ನಮ್ಮ ತಾಳೆಯೂ ಒಂದೇ ಎಂದು ಭಾವಿಸುವವರುಂಟು. ಮೊದಲನೆಯದು ಲೆಕ್ಕಕ್ಕಾಗಿ ಗೀಟು ಕೊರೆದ ಕೋಲಿಗೆ ಲ್ಯಾಟಿನ್ ಮೂಲದಿಂದ ಬಂದ ಹೆಸರು. ಉಚ್ಚಾರದ ಸಾಮ್ಯ ಆಕಸ್ಮಿಕ.) ಟ್ಯಾಲಿ ಇಆರ್‌ಪಿ 9ರಲ್ಲಿ ಕಂಟ್ರೋಲ್, ಆಲ್ಟ್, ಆರ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಇಡೀ ದತ್ತಾಂಶವನ್ನು ಪುನರ್ಲೇಖನ ಮಾಡಿಸುವ ಸೌಲಭ್ಯವಿತ್ತು. 2020ರಲ್ಲಿ ಬಂದ ಟ್ಯಾಲಿಪ್ರೈಮ್‌ನಲ್ಲಿ ಅದು ರಿಪೇರ್ ಎಂಬ ಹೆಸರಿನಲ್ಲಿದೆ. ಪುನರ್ಲೇಖನವೆಂದರೆ ಓದಲು ಬರುವ ದಾಖಲೆಗಳನ್ನೆಲ್ಲ ಓದಿ ಹೊಸ ಕಡತಗಳಲ್ಲಿ ಬರೆದುಕೊಳ್ಳುವುದು. ಹಾಗಾದರೆ ಓದಲು ಬಾರದ ದಾಖಲೆಗಳ ಗತಿಯೇನು? ಅವು ಹೊಸ ಕಡತಕ್ಕೆ ಬಾರದೆ ಹೋಗಬಹುದು. ಎಸ್‌ಕ್ಯೂಎಲ್ ಸರ್ವರ್‌ನ ದುರಸ್ತಿ ಆಯ್ಕೆಯೊಂದರ ಹೆಸರಿನಲ್ಲಿಯೇ ದತ್ತಾಂಶನಷ್ಟಕ್ಕೆ ಅನುಮತಿ ಎಂಬ ಅರ್ಥದ ಮಾತು ಸೇರಿದೆ. ಈ ಪ್ರಾಮಾಣಿಕತೆ ಮೆಚ್ಚತಕ್ಕದ್ದು.

ದುರಸ್ತಿಯ ನಂತರ ತಂತ್ರಾಂಶವು ಯಾವ ದೋಷವನ್ನೂ ತೋರಿಸುವುದಿಲ್ಲ. ಕಡತ ತೆರೆಯುತ್ತದೆ, ವರದಿಗಳು ಬರುತ್ತವೆ. ಮೂವತ್ತು ವೋಚರುಗಳು ಹೋಗಿದ್ದರೂ ಉಳಿದವುಗಳ ಮಟ್ಟಿಗೆ ಎಲ್ಲವೂ ಸರಿಯಾಗಿಯೇ ಇರುತ್ತದೆ. ಶಾಸನದ ಸಂಪಾದಕನು ತ್ರುಟಿತ ಸ್ಥಳದಲ್ಲಿ ತಾನು ಊಹಿಸಿ ತುಂಬಿದ ಅಕ್ಷರಗಳನ್ನು ಆವರಣದೊಳಗಿಡುತ್ತಾನೆ. ತುಂಬಲಾಗದ ಕಡೆ ಇಂತಿಷ್ಟು ಅಕ್ಷರಗಳು ಹೋಗಿವೆಯೆಂದು ಚುಕ್ಕಿಗಳಿಂದ ತೋರಿಸುತ್ತಾನೆ. ದುರಸ್ತಿ ತಂತ್ರಾಂಶದ ಫಲಿತಾಂಶದಲ್ಲಿ ಇಂತಹ ಆವರಣಚಿಹ್ನೆ ಸಾಮಾನ್ಯವಾಗಿ ಇರುವುದಿಲ್ಲ. ನಷ್ಟವಾದ ಸಾಲಿನ ಮೇಲಿನ ಸಾಲೂ ಕೆಳಗಿನ ಸಾಲೂ ಕೂಡಿಕೊಂಡು, ನಡುವೆ ಏನೂ ಇರಲೇ ಇಲ್ಲವೆಂಬಂತೆ ಪಾಠ ಮುಂದುವರಿಯುತ್ತದೆ.

ಇದರ ಪರಿಣಾಮ ಯಾರ ಮೇಲೆ ಎಂಬುದನ್ನು ಯೋಚಿಸಬೇಕು. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರ ಸಂಘ ಸ್ಥಾಪನೆಯಾದಂದಿನಿಂದ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕಿರ್ದಿ, ಖತಾವಣಿಗಳ ಒಂದು ಪರಂಪರೆ ಬೆಳೆದುಬಂದಿದೆ. ಕೇಂದ್ರ ಸರ್ಕಾರವು 2022ರಲ್ಲಿ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿತು. ಹಳೆಯ ವಹಿಗಳಿಂದ, ಹಳೆಯ ತಂತ್ರಾಂಶಗಳಿಂದ ಸದಸ್ಯರ ಲೆಕ್ಕವನ್ನು ಹೊಸದಕ್ಕೆ ಸಾಗಿಸುವ ಕೆಲಸ ಇದರ ಒಂದು ಭಾಗ. ಇಂತಹ ಸಾಗಣೆಯಲ್ಲಿ ರೈತನೊಬ್ಬನ ಮರುಪಾವತಿಯ ಒಂದು ವೋಚರು ಬಿಟ್ಟುಹೋಯಿತೆನ್ನೋಣ. ದತ್ತಸಂಚಯದ ದೃಷ್ಟಿಯಿಂದ ಅಲ್ಲಿ ಯಾವ ದೋಷವೂ ಇಲ್ಲ. ಆ ರೈತನು ಮಾತ್ರ ಸುಸ್ತಿದಾರನಾಗುತ್ತಾನೆ. ಶೂನ್ಯ ಬಡ್ಡಿಯ ಬೆಳೆಸಾಲದ ಸೌಲಭ್ಯ ಸಕಾಲದ ಮರುಪಾವತಿಯನ್ನು ಅವಲಂಬಿಸಿರುವುದರಿಂದ ಅದೂ ಕೈತಪ್ಪಬಹುದು. ಅವನ ಕೈಯಲ್ಲಿರುವ ಪಾವತಿಯೊಂದೇ ಆಗ ಸಾಕ್ಷಿ. ಅದು ಮಳೆಗೆ ನೆನೆದಿದ್ದರೆ ಅದೂ ಇಲ್ಲ.

ಈಗ ಸ್ಖಾಲಿತ್ಯದ ಪರೀಕ್ಷೆಗೆ ಬರೋಣ. ಕೈಬರೆಹದ ವಹಿಗಳ ಕಾಲದಲ್ಲಿ ತಾಳೆಪಟ್ಟಿ ಹೊಂದದಿದ್ದರೆ ಗುಮಾಸ್ತನು ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡುತ್ತಿದ್ದ. ನಿಶ್ಶೇಷವಾಗಿ ಭಾಗವಾದರೆ ಅಂಕಿಗಳು ಅದಲುಬದಲಾಗಿವೆಯೆಂಬ ಅನುಮಾನಕ್ಕೆ ಕಾರಣವಿರುತ್ತಿತ್ತು. 5,400ನ್ನು 4,500 ಎಂದು ಬರೆದರೆ ವ್ಯತ್ಯಾಸ 900. ಗಣಕದಲ್ಲಿ ಈ ಉಪಾಯ ತಾಳೆಪಟ್ಟಿಯ ಮಟ್ಟಿಗೆ ನಿರುಪಯೋಗಿಯಾಗಿದೆ. ಏಕೆಂದರೆ ಒಮ್ಮೆ ದಾಖಲಿಸಿದ ಮೊತ್ತವನ್ನು ತಂತ್ರಾಂಶವೇ ಜಮೆ, ಖರ್ಚು ಎರಡೂ ಕಡೆಗೆ ಏರಿಸುತ್ತದೆ. 5,400ರ ಬದಲು 4,500 ಒತ್ತಿದರೆ ಎರಡೂ ಕಡೆ 4,500 ಆಗಿ ತಾಳೆ ಸೊಗಸಾಗಿ ಹೊಂದುತ್ತದೆ. ಹೀಗಾಗಿ ತಾಳೆಪಟ್ಟಿಯ ಅರ್ಥವೇ ಬದಲಾಗಿದೆ. ವಹಿಯಲ್ಲಿ ತಾಳೆ ತಪ್ಪಿದರೆ ಅದು ಬಹುಶಃ ಮನುಷ್ಯನ ತಪ್ಪು. ಗಣಕದಲ್ಲಿ ತಪ್ಪಿದರೆ, ಆರಂಭದ ಶಿಲ್ಕುಗಳನ್ನು ತುಂಬುವಾಗ ವ್ಯತ್ಯಾಸವಾಗಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ಕಡತದ ಶೈಥಿಲ್ಯವನ್ನೇ ಶಂಕಿಸಬೇಕು. ತಾಳೆ ಹೊಂದಿತೆಂಬುದರಿಂದ ದಾಖಲೆಗಳ ಸತ್ಯತೆಯ ಬಗೆಗೆ ಏನೂ ತಿಳಿಯದು. ಅಢಾವೆ ಪತ್ರಿಕೆ ಸರಿಹೊಂದಿದೆಯೆಂದು ಸಮಾಧಾನಪಡುವ ಆಡಳಿತ ಮಂಡಳಿಗಳು ಈ ಬದಲಾವಣೆಯನ್ನು ಗಮನಕ್ಕೆ ತಂದುಕೊಂಡಂತೆ ತೋರುವುದಿಲ್ಲ.

ಆದ್ದರಿಂದ ಸ್ಖಾಲಿತ್ಯದ ಪರೀಕ್ಷೆ ದತ್ತಸಂಚಯದ ಹೊರಗಿನಿಂದಲೇ ನಡೆಯಬೇಕು. ಬ್ಯಾಂಕಿನ ತಃಖ್ತೆಯೊಡನೆ ಬ್ಯಾಂಕ್ ಖಾತೆಯನ್ನು, ಗೋದಾಮಿನ ಎಣಿಕೆಯೊಡನೆ ದಾಸ್ತಾನನ್ನು, ಸದಸ್ಯರ ಪಾಸ್‌ಬುಕ್ಕಿನೊಡನೆ ಸಾಲದ ಖತಾವಣಿಯನ್ನು ಹೋಲಿಸಬೇಕಾಗುತ್ತದೆ. ವೋಚರುಗಳ ಕ್ರಮಸಂಖ್ಯೆಯಲ್ಲಿ ಬಿಟ್ಟ ಸ್ಥಳಗಳಿವೆಯೇ, ಕೈಶಿಲ್ಕು ಯಾವುದಾದರೂ ದಿನ ಋಣವಾಗಿದೆಯೇ, ಆರ್ಥಿಕ ವರ್ಷದ ಹೊರಗಿನ ದಿನಾಂಕಗಳಿವೆಯೇ ಎಂಬುವನ್ನು ಒಳಗಿನಿಂದಲೂ ನೋಡಬಹುದು.

ರಚನೆ ಸುಸ್ಥಿತಿಯಲ್ಲಿದ್ದು ಅರ್ಥ ಹೊಂದದಿರುವುದಕ್ಕೆ ನಮ್ಮ ರೈತರೆಲ್ಲ ಬಲ್ಲ ನಿದರ್ಶನ ಪಹಣಿಯದು. ಪಹಣಿಯ ಮೂರನೆಯ ಕಾಲಮಿನಲ್ಲಿ ಸರ್ವೆ ನಂಬರಿನ ವಿಸ್ತೀರ್ಣವೂ, ಒಂಬತ್ತನೆಯದರಲ್ಲಿ ಹಕ್ಕುದಾರರ ಹೆಸರಿನ ಮುಂದೆ ಅವರವರ ವಿಸ್ತೀರ್ಣವೂ ಇರುತ್ತದೆ. ಎರಡನೆಯದರ ಮೊತ್ತ ಮೊದಲನೆಯದಕ್ಕೆ ಹೊಂದಬೇಕು. ಭೂಮಿ ಯೋಜನೆಯಲ್ಲಿ ಪಹಣಿಗಳು ಗಣಕಕ್ಕೆ ಬಂದ ಮೇಲೆ ಹೊಂದದಿರುವ ಪ್ರಕರಣಗಳು ಎದ್ದುಕಂಡವು. ಕಾಲಂ 3 ಮತ್ತು 9ರ ತಿದ್ದುಪಡಿ ಎಂಬುದು ಕಂದಾಯ ಕಚೇರಿಗಳಲ್ಲಿ ಒಂದು ಪರಿಭಾಷೆಯೇ ಆಗಿಹೋಗಿದೆ. ಇಲ್ಲಿ ಗಣಕವು ತಪ್ಪನ್ನು ಹುಟ್ಟಿಸಿತೆಂದು ಸಾರಾಸಗಟಾಗಿ ಹೇಳಲಾಗದು. ಕೈಬರೆಹದ ಪಹಣಿಯಲ್ಲಿ ಅಡಗಿದ್ದ ವ್ಯತ್ಯಾಸವೂ ಕೂಡಿ ಕಳೆಯುವುದು ಸುಲಭವಾದಾಗ ಹೊರಬೀಳುತ್ತದೆ. ಯಾವ ಪಹಣಿ ಹೊಂದುವುದಿಲ್ಲವೆಂಬುದನ್ನು ಗಣಕ ಕ್ಷಣದಲ್ಲಿ ಹೇಳಬಲ್ಲದು. ಎರಡು ಕಾಲಮುಗಳಲ್ಲಿ ಯಾವುದು ಸರಿ ಎಂಬುದಕ್ಕೆ ಮೂಲ ಸರ್ವೆ ದಾಖಲೆಯನ್ನೂ ಹಕ್ಕು ಬದಲಾವಣೆಯ ನಮೂದನ್ನೂ ನೋಡಲೇಬೇಕು.

ಕನ್ನಡದಲ್ಲಿ ಹೆಸರುಗಳನ್ನು ದಾಖಲಿಸುವ ದತ್ತಸಂಚಯಗಳಿಗೆ ಇನ್ನೊಂದು ತೊಡಕಿದೆ. ಇದರ ಬಗೆಗೆ ಕನ್ನಡದಲ್ಲಿ ಬರೆದವರು ಕಡಿಮೆಯಾದುದರಿಂದ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಸಾಲೋಟಗಿ ಎಂಬ ಹೆಸರನ್ನೇ ತೆಗೆದುಕೊಳ್ಳೋಣ. ಇದರಲ್ಲಿಯ ‘ಲೋ’ ಅಕ್ಷರದ ಸ್ವರಚಿಹ್ನೆಯನ್ನು ಯುನಿಕೋಡ್‌ನಲ್ಲಿ ಮೂರು ವಿಧವಾಗಿ ಬರೆಯಲು ಸಾಧ್ಯ. ಓತ್ವಕ್ಕೆಂದೇ ಇರುವ ಒಂದೇ ಸಂಕೇತವನ್ನು ಬಳಸಬಹುದು. ಒತ್ವದ ಸಂಕೇತಕ್ಕೆ ದೀರ್ಘದ ಸಂಕೇತವನ್ನು ಸೇರಿಸಿ ಎರಡು ಸಂಕೇತಗಳಲ್ಲಿ ಬರೆಯಬಹುದು. ಎತ್ವ, ಊತ್ವ, ದೀರ್ಘ ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಪರದೆಯ ಮೇಲೆ ಮೂರೂ ಒಂದೇ ರೀತಿ ಕಾಣಬೇಕೆಂಬುದು ನಿಯಮ; ಯುನಿಕೋಡ್ ಪ್ರಕಾರ ಮೂರೂ ಸಮಾನ. ಆದರೆ ಬೈಟುಗಳನ್ನಷ್ಟೇ ಹೋಲಿಸುವ ದತ್ತಸಂಚಯಕ್ಕೆ ಅವು ಮೂರು ಬೇರೆ ಬೇರೆ ಊರುಗಳು. ಸದಸ್ಯರ ಪಟ್ಟಿಯನ್ನು ಊರುವಾರು ವಿಂಗಡಿಸಿದರೆ ಸಾಲೋಟಗಿ ಮೂರು ಸಲ ಬಂದು, ಒಂದೊಂದರ ಕೆಳಗೆ ಕೆಲವರಷ್ಟೇ ಇರುತ್ತಾರೆ. ಹುಡುಕಿದರೆ ಒಬ್ಬನ ಖಾತೆ ಸಿಕ್ಕದೆ, ಅವನಿಗೆ ಹೊಸ ಖಾತೆ ತೆರೆಯುವುದೂ ಉಂಟು. ಕಣ್ಣಿಗೆ ಕಾಣದ ಜೋಡಕ ಸಂಕೇತಗಳು ಪದದ ನಡುವೆ ಸೇರಿಕೊಂಡಾಗಲೂ ಹೀಗೆಯೇ ಆಗುತ್ತದೆ. ದಾಖಲಿಸುವ ಮೊದಲೇ ಎಲ್ಲ ಪಠ್ಯವನ್ನೂ ಯುನಿಕೋಡ್ ಹೇಳಿರುವ ಒಂದು ಏಕರೂಪಕ್ಕೆ ತರುವುದು ಇದಕ್ಕೆ ಪರಿಹಾರ. ಕಾಣದ ಜೋಡಕಗಳನ್ನು ಆ ಏಕರೂಪೀಕರಣವು ತೆಗೆಯುವುದಿಲ್ಲವಾದುದರಿಂದ ಅವುಗಳಿಗೆ ಪ್ರತ್ಯೇಕ ನಿಯಮ ಬೇಕು.

ಇದಕ್ಕೂ ಹಿಂದಿನ ಕಾಲದ ದಾಖಲೆಗಳದು ಬೇರೆ ಕಥೆ. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಇರಿಸಲಾಗಿತ್ತು. ಆ ಫಾಂಟು ಇಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ದತ್ತಾಂಶ ಕೆಟ್ಟಿದೆಯೆಂದು ಭಾವಿಸಿ ಅಂತಹ ಕಡತಗಳನ್ನು ಅಳಿಸಿಬಿಡುವ ಅಪಾಯವಿದೆ. ಅಲ್ಲಿ ಕೆಟ್ಟಿರುವುದೇನೂ ಇಲ್ಲ. ಲಿಪಿಯನ್ನು ಓದುವ ಕೀಲಿ ಮಾತ್ರ ಬೇರೆ. ತಿಗಳಾರಿ ತಾಡವೋಲೆಯನ್ನು ಕನ್ನಡವೆಂದು ಓದಹೊರಟು ಪಾಠ ಭ್ರಷ್ಟವೆಂದು ಹೇಳಿದಂತೆ.

ಶೈಥಿಲ್ಯಕ್ಕೆ ಕಾರಣಗಳು ಬಹುತೇಕ ಪರಿಚಿತವೇ. ಬರೆಯುವ ನಡುವೆ ವಿದ್ಯುತ್ ಹೋಗುವುದು, ತಂತ್ರಾಂಶ ತೆರೆದಿರುವಾಗಲೇ ಕಡತಗಳನ್ನು ಪೆನ್‌ಡ್ರೈವಿಗೆ ನಕಲು ಮಾಡುವುದು, ಹಳೆಯದಾದ ಡಿಸ್ಕು, ಸ್ಥಳೀಯ ಜಾಲದ ಸಡಿಲ ತಂತಿ, ವೈರಸ್ಸು. ಇವುಗಳಲ್ಲಿ ಎರಡನೆಯದು ಅತ್ಯಂತ ವಂಚಕ. ನಕಲು ಮಾಡುತ್ತಿರುವಾಗ ಅರ್ಧ ಕಡತಗಳು ಹಿಂದಿನ ಸ್ಥಿತಿಯಲ್ಲಿಯೂ ಅರ್ಧ ಮುಂದಿನ ಸ್ಥಿತಿಯಲ್ಲಿಯೂ ಸಿಕ್ಕಿಬಿಡುತ್ತವೆ. ಹೀಗೆ ಕೆಟ್ಟಿರುವುದು ರಕ್ಷಾಪ್ರತಿ. ಅದು ತಿಳಿಯುವುದು ಅದರ ಅಗತ್ಯ ಬಿದ್ದ ದಿನ. ರಕ್ಷಾಪ್ರತಿಯನ್ನು ಬೇರೊಂದು ಗಣಕದಲ್ಲಿ ತೆರೆದು ಪರೀಕ್ಷಿಸದೆ ಅದನ್ನು ರಕ್ಷಾಪ್ರತಿಯೆಂದು ಕರೆಯಬಾರದು.

ದೋಷ ಕಂಡೊಡನೆ ದುರಸ್ತಿಯ ಗುಂಡಿ ಒತ್ತುವುದು ಸಹಜ ಪ್ರವೃತ್ತಿ. ಅದಕ್ಕೂ ಮೊದಲು ಮಾಡಬೇಕಾದುವಿವೆ. ಹೊಸ ನಮೂದುಗಳನ್ನು ಕೂಡಲೇ ನಿಲ್ಲಿಸಬೇಕು. ಕೆಟ್ಟ ಕಡತಕ್ಕೆ ಬರೆದಷ್ಟೂ ಉಳಿದುದೂ ಕೆಡುತ್ತದೆ. ತಂತ್ರಾಂಶವನ್ನು ಎಲ್ಲ ಗಣಕಗಳಲ್ಲಿಯೂ ಮುಚ್ಚಿ, ಕೆಟ್ಟ ಸ್ಥಿತಿಯಲ್ಲಿಯೇ ಇಡೀ ಕಡತಸಮೂಹದ ನಕಲನ್ನು ತೆಗೆಯಬೇಕು. ಪರೀಕ್ಷೆ, ದುರಸ್ತಿಗಳೆರಡೂ ನಕಲಿನ ಮೇಲೆ ನಡೆಯಬೇಕು. ದುರಸ್ತಿಗೆ ಮುನ್ನ ತೆರೆದು ನೋಡಲು ಸಾಧ್ಯವಿದ್ದರೆ ಒಟ್ಟು ವೋಚರುಗಳು ಎಷ್ಟು, ಖಾತೆಗಳು ಎಷ್ಟು, ಪ್ರತಿ ತಿಂಗಳ ಜಮೆ ಖರ್ಚಿನ ಮೊತ್ತವೇನು ಎಂಬುದನ್ನು ಬರೆದಿಟ್ಟುಕೊಂಡು, ದುರಸ್ತಿಯ ನಂತರ ಅದೇ ಸಂಖ್ಯೆಗಳನ್ನು ಮತ್ತೆ ತೆಗೆದು ಹೋಲಿಸಬೇಕು. ತೆರೆಯುವುದೇ ಸಾಧ್ಯವಿಲ್ಲದಿದ್ದರೆ ಹಿಂದಿನ ತಿಂಗಳ ಮುದ್ರಿತ ವರದಿಯೊಡನೆ ಹೋಲಿಸಬೇಕಾದೀತು. ತಿಂಗಳಿಗೊಮ್ಮೆ ತಾಳೆಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸಿ ಸಹಿ ಮಾಡಿಡುವ ಹಳೆಯ ರೂಢಿಯನ್ನು ಕಾಗದ ಉಳಿಸುವ ಹೆಸರಿನಲ್ಲಿ ಕೈಬಿಟ್ಟ ಸಂಸ್ಥೆಗಳಿಗೆ ಈ ಆಧಾರವೂ ಇರುವುದಿಲ್ಲ.

2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಪ್ರತಿಯೊಂದು ಬದಲಾವಣೆಯೂ ದಿನಾಂಕಸಹಿತ ದಾಖಲಾಗಬೇಕೆಂಬ ನಿಯಮ ಜಾರಿಯಲ್ಲಿದೆ. ಆ ದಾಖಲೆಯನ್ನು ನಿಷ್ಕ್ರಿಯಗೊಳಿಸಲು ಅವಕಾಶವಿರಕೂಡದು. ಇದು ಕಂಪನಿ ಕಾಯ್ದೆಯಡಿಯ ನಿಯಮವಾದುದರಿಂದ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಗೆ ಒಳಪಟ್ಟ ಸಂಘಗಳಿಗೆ ತಾನಾಗಿ ಅನ್ವಯಿಸುವುದಿಲ್ಲ. ಆ ಕಾಯ್ದೆಯ 63ನೆಯ ಪ್ರಕರಣದ ಲೆಕ್ಕಪರಿಶೋಧನೆ ಇದ್ದೇ ಇದೆಯಾದರೂ, ಪರಿಶೋಧಕನ ಮುಂದೆ ಬರುವುದು ದುರಸ್ತಿಯಾದ ಕಡತವೇ ಹೊರತು ಅದಕ್ಕೆ ಹಿಂದಿನದಲ್ಲ. ದುರಸ್ತಿ ನಡೆದಿತ್ತೆಂಬ ಸಂಗತಿಯೇ ಅವನಿಗೆ ತಿಳಿಯದಿರಬಹುದು.

ಆದುದರಿಂದ ಪ್ರತಿಯೊಂದು ಸಂಸ್ಥೆಯಲ್ಲಿಯೂ ದುರಸ್ತಿಗಳಿಗಾಗಿಯೇ ಒಂದು ಪುಸ್ತಕವಿರಬೇಕೆಂದು ಸೂಚಿಸಬಯಸುತ್ತೇನೆ. ದೋಷ ಕಂಡ ದಿನ ಮತ್ತು ವೇಳೆ, ತಂತ್ರಾಂಶ ತೋರಿಸಿದ ಸಂದೇಶದ ಯಥಾಪ್ರತಿ, ದುರಸ್ತಿಗೆ ಮುನ್ನ ಹಾಗೂ ನಂತರದ ವೋಚರುಗಳ ಸಂಖ್ಯೆ, ಕಾಣೆಯಾದವುಗಳ ಕ್ರಮಸಂಖ್ಯೆ, ಅವುಗಳಲ್ಲಿ ಕಾಗದದ ಆಧಾರದಿಂದ ಮತ್ತೆ ತುಂಬಿದವು ಯಾವುವು, ತುಂಬಿದವರು ಯಾರು ಎಂಬ ವಿವರಗಳು ಅದರಲ್ಲಿರಲಿ. ಮತ್ತೆ ತುಂಬಿದ ವೋಚರಿನ ವಿವರಣೆಯಲ್ಲಿಯೂ ಅದು ಪುನಃ ದಾಖಲಿಸಿದ್ದೆಂಬ ಮಾತನ್ನು ಸೇರಿಸಬೇಕು. ಸಂಪಾದಕನ ಆವರಣಚಿಹ್ನೆಯ ಸ್ಥಾನವನ್ನು ಅದು ತುಂಬುತ್ತದೆ. ಕೆಟ್ಟ ಕಡತದ ನಕಲನ್ನು ಪ್ರತ್ಯೇಕ ಡಿಸ್ಕಿನಲ್ಲಿಟ್ಟು, ಅದರ ಎಸ್‌ಎಚ್‌ಎ-256 ಮೌಲ್ಯವನ್ನು ಇದೇ ಪುಸ್ತಕದಲ್ಲಿ ಬರೆದು, ಕನಿಷ್ಠಪಕ್ಷ ಆ ವರ್ಷದ ಲೆಕ್ಕಪರಿಶೋಧನೆ ಮುಗಿದು ಸದಸ್ಯರ ತಕರಾರುಗಳು ಇತ್ಯರ್ಥವಾಗುವವರೆಗೆ ಕಾಯ್ದಿರಿಸಬೇಕು. ಇಂದಿನ ಉಪಕರಣದಿಂದ ಓದಲಾಗದ ಪುಟವನ್ನು ನಾಳಿನ ಉಪಕರಣವೊಂದು ಓದಲೂಬಹುದು.